ಜೋಡಿ ಇಲ್ಲದ ಲೆಫ್ಟಿನೆಂಟ್

ನರ್ಸ್ ಕೆಲಸಕ್ಕೆ ಸೇರಿದಾಗ ನಾನು ಮೊದಲು ಕಲಿತದ್ದು ಸೂಜಿ ಚುಚ್ಚುವುದನ್ನಲ್ಲ, ಸೂಜಿ ಮಸೆಯುವುದನ್ನು. ಒಂದು ಸಲ ಬಳಸಿ ಬಿಸಾಡುವ ಸೂಜಿ ಆಗ ಇರಲಿಲ್ಲ. ಇದ್ದ ನಾಲ್ಕಾರನ್ನೇ ಕಲ್ಲಿಗೆ ಉಜ್ಜಿ, ಕುದಿಸಿ, ಮತ್ತೆ ಚುಚ್ಚುತ್ತಿದ್ದೆವು. ಮೊಂಡು ಸೂಜಿ ಯಾರ ಪಾಲಿಗೆ ಬರುತ್ತದೆ ಎಂಬುದು ಅವರವರ ಹಣೆಬರಹ. ಔಷಧಕ್ಕೆ ರೋಗಿಯೇ ಮನೆಯಿಂದ ಬಾಟಲಿ ತರಬೇಕು. ಎಣ್ಣೆ ಬಾಟಲಿ ತಂದವರು ಎಣ್ಣೆ ವಾಸನೆಯ ಮಿಕ್ಸ್ಚರ್ ಕುಡಿಯುತ್ತಿದ್ದರು, ಕಷಾಯದ ಬಾಟಲಿ ತಂದವರು ಕಷಾಯದ ವಾಸನೆಯದನ್ನು. ಗುಣ ಮಾತ್ರ ಇಬ್ಬರಿಗೂ ಅಷ್ಟಕ್ಕಷ್ಟೇ.

ನಮ್ಮ ಓಣಿಯ ಇಬ್ಬರು ಹುಡುಗಿಯರು ಈ ವರ್ಷ ನರ್ಸಿಂಗ್ ಸೇರಿದ್ದಾರೆ. ‘ಅಜ್ಜಿ, ನಿಮ್ಮ ಸರ್ವಿಸಿನಾಗ ಏನೇನ ನೋಡೀರಿ, ಹೇಳ್ರಿ’ ಎನ್ನುತ್ತಾರೆ. ಹೇಳಲು ಬಾಯಿ ತೆರೆದರೆ ಅವರ ಮೊಬೈಲು ಕೂಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನ ಇವನ್ನೆಲ್ಲ ಬಿಟ್ಟಿದ್ದೇನೆ. ಅವು ಎಲ್ಲರ ನೌಕರಿಯಲ್ಲೂ ಒಂದೇ ತರ ಇರುತ್ತವೆ, ಕೇಳುವವರಿಗೆ ನಿದ್ದೆ ಬರುತ್ತದೆ.

ನನ್ನ ಹೆಸರು ಗಂಗವ್ವ. ತವರು ಮುಂಡಗೋಡ ತಾಲೂಕಿನ ಅತ್ತಿವೇರಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ನಮ್ಮಣ್ಣ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ನರ್ಸಿಂಗ್ ಕಲಿಯಲು ಹಚ್ಚಿದ. ಊರಲ್ಲಿ ಕೆಲವರು ಅವನ ಜೊತೆ ಮಾತು ಬಿಟ್ಟರು. ಆಮೇಲೆ ಅವರಿಗೇ ಜ್ವರ ಬಂದಾಗ ಮಾತು ಶುರುಮಾಡಿದರು. ಕಲಿತು ಮುಗಿದ ಮೇಲೆ ಹಳಿಯಾಳದ ಕಡೆಯ ಒಂದು ಸಣ್ಣ ದವಾಖಾನೆಗೆ ನನ್ನನ್ನು ಹಾಕಿದರು. ಯಾವ ಊರೆಂದು ಬರೆಯುವುದಿಲ್ಲ, ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ.

ಅಲ್ಲಿ ನನಗೆ ಮೊದಲು ಆಶ್ಚರ್ಯವಾದದ್ದು ಆ ಕಡೆಯ ಹೆಂಗಸರು ಕಾಲು ಜಾರುವ ರೀತಿ. ಬಾವಿಗೆ, ಕೆರೆಗೆ ಹೋದವರು ಜಾರುತ್ತಿದ್ದರು. ಒಣ ಬೇಸಿಗೆಯಲ್ಲೂ ಜಾರುತ್ತಿದ್ದರು. ಕೆಲವರು ಏನೋ ಔಷಧವೆಂದು ತಿಳಿದು ಇನ್ನೇನನ್ನೋ ಕುಡಿದಿರುತ್ತಿದ್ದರು. ಕರೆತಂದವರು ಬಾಗಿಲಲ್ಲೇ ‘ಕಾಲ ಜಾರಿತ್ರಿ, ತಪ್ಪಿ ಕುಡದಾಳ್ರಿ’ ಎಂದು ಹೇಳಿ ಒಳಗೆ ಬರುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು ಬಂದ ಹಾಗೆ. ಸಾಯಲು ಹೋಗಿ ಬದುಕಿದವರ ಮೇಲೆ ಕೇಸು ಹಾಕುವ ಕಾನೂನು ಇತ್ತು. ಸತ್ತರೆ ಕೇಸಿಲ್ಲ, ಬದುಕಿದರೆ ಕೇಸು. ಹೀಗಾಗಿ ಎಲ್ಲರೂ ಜಾರುವುದೇ ಒಳ್ಳೆಯದೆಂದು ಊರು, ಪೊಲೀಸು, ದವಾಖಾನೆ ಮೂವರೂ ಒಪ್ಪಿಕೊಂಡಂತಿತ್ತು.

ಒಮ್ಮೆ ಪಲಟಣದಲ್ಲಿದ್ದ ಒಬ್ಬ ಸಿಪಾಯಿಯ ಹೆಂಡತಿಯನ್ನು ತಂದರು. ಹಳಿಯಾಳದ ಸುತ್ತಿನ ಎಷ್ಟೋ ಮನೆಗಳ ಗಂಡಸರು ಮಿಲಿಟರಿಯಲ್ಲಿದ್ದರು. ಗಂಡ ರಜೆಗೆ ಬಂದು ಹೋಗಿ ಬಹಳ ಕಾಲವಾಗಿತ್ತು. ಅತ್ತೆ ಮಂಚದ ಪಕ್ಕದಲ್ಲೇ ಕುಳಿತಳು. ನಮ್ಮ ಡಾಕ್ಟರ್ ಸಾಹೇಬರು ರೋಗಿಯನ್ನು ‘ಹೊಟ್ಟಿ ನೋಯತೈತೇನವಾ?’ ಎಂದು ಕೇಳಿದರು.

‘ಇಲ್ರಿ ಸಾಹೇಬರ, ಅಕೀಗ ಏನೂ ನೋಯೂದಿಲ್ಲ’ ಎಂದಳು ಅತ್ತೆ.

‘ತಲಿ ಸುತ್ತತೈತೇನು?’

‘ಅಕೀಗ ಎಂದೂ ಸುತ್ತಿಲ್ರಿ.’

‘ನಾಲಿಗಿ ತಗಿ’ ಎಂದಾಗ ಮಾತ್ರ ಆ ಹುಡುಗಿಗೆ ತಾನೇ ಉತ್ತರ ಕೊಡುವ ಅವಕಾಶ ಸಿಕ್ಕಿತು.

ಡಾಕ್ಟರು ಕೆಟ್ಟವರಲ್ಲ. ಆದರೆ ಅವರಿಗೆ ಒಂದು ಸಿದ್ಧಾಂತವಿತ್ತು. ‘ಗಂಗವ್ವಾ, ಹೆಂಗಸರು ಹೆದರಸಾಕ ಮಾಡತಾರ, ಗಂಡಸರು ಸಾಯಾಕ ಮಾಡತಾರ’ ಎನ್ನುತ್ತಿದ್ದರು. ನಾನು ಲೆಕ್ಕ ಇಟ್ಟವಳಲ್ಲ, ಆದರೆ ನಮ್ಮ ಮಂಚಕ್ಕೆ ಬರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಬಹಳ ಜನ ಎದ್ದು ಮನೆಗೆ ಹೋಗುತ್ತಿದ್ದರು. ಗಂಡಸರು ಬರುತ್ತಿದ್ದುದು ಕಡಿಮೆ. ಬಂದರೂ ಹೆಚ್ಚಿನವರು ನಮ್ಮ ಕೈಗೆ ಸಿಗುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಅದನ್ನು ನೋಡಿ ಡಾಕ್ಟರ ಮಾತು ನಿಜವಿರಬೇಕೆಂದೇ ಎಲ್ಲರೂ ತಿಳಿದಿದ್ದೆವು. ಎದ್ದು ಮನೆಗೆ ಹೋದವಳು ಆಮೇಲೆ ಏನಾದಳೆಂದು ನಾವು ಯಾರೂ ಹೋಗಿ ನೋಡಿದ್ದಿಲ್ಲ.

ಇಷ್ಟರಲ್ಲಿ ನನ್ನನ್ನು ಕ್ಯಾಸಲ್‌ರಾಕ್ ಕಡೆಗೆ ಕಳಿಸಿದರು. ಗೋವಾ ಇನ್ನೂ ಪೋರ್ತುಗೀಜರ ಕೈಯಲ್ಲಿದ್ದ ಕಾಲ. ಗಡಿಯ ಈಚೆ ಕಾಡಿನಲ್ಲಿ ನಮ್ಮ ದಂಡು ಬಂದು ಕುಳಿತಿತ್ತು. ಶತ್ರು ಇನ್ನೂ ಬಂದಿರಲಿಲ್ಲ, ಮಲೇರಿಯಾ ಬಂದಿತ್ತು. ಕ್ಯಾಂಪಿನ ದವಾಖಾನೆಗೆ ಕೈ ಸಾಲದೆ, ಒಬ್ಬ ಸಿವಿಲ್ ನರ್ಸನ್ನು ಎರವಲು ಕೊಡಿರೆಂದು ಕೇಳಿದರಂತೆ. ನನಗೆ ಮನೆ ಮಕ್ಕಳು ಇಲ್ಲವೆಂದು ನನ್ನ ಹೆಸರು ಬರೆದರು. ದಾಂಡೇಲಿಯವರೆಗೆ ಬಸ್ಸು, ಅಲ್ಲಿಂದ ಮಿಲಿಟರಿ ಜೀಪು. ಕಾಗದದ ಗಿರಣಿಯ ವಾಸನೆ ಬಹಳ ದೂರ ನಮ್ಮ ಜೊತೆಗೇ ಬಂತು. ಆಮೇಲೆ ಸೂಪಾ ತಾಲೂಕಿನ ಕಾಡು. ಅದೇ ತಾಲೂಕನ್ನು ನೀವು ಈಗ ಜೋಯಿಡಾ ಅನ್ನುತ್ತೀರಿ, ಸೂಪಾ ಊರು ಆಣೆಕಟ್ಟಿನ ನೀರಿನೊಳಗೆ ಹೋಯಿತು.

ಕ್ಯಾಂಪಿನ ದವಾಖಾನೆಯ ಮುಖ್ಯಸ್ಥರು ಮೇಜರ್ ಪಾಟೀಲ, ಬೆಳಗಾವಿಯವರು. ದಪ್ಪ ಮೀಸೆ, ಸಣ್ಣ ದನಿ. ಮೀಸೆ ನೋಡಿ ಹೆದರಿದವರು ದನಿ ಕೇಳಿ ಸುಧಾರಿಸಿಕೊಳ್ಳುತ್ತಿದ್ದರು. ನಾನು ಹೋದ ದಿನವೇ, ಆ ಕಡೆಯ ಮರ್ಯಾದೆಯಂತೆ ನನ್ನನ್ನು ‘ಬಾಯಿ’ ಎಂದು ಕರೆದು, ತಮ್ಮ ‘ಜೋಡಿ ಹುಕುಂ’ ವಿವರಿಸಿದರು. ಕಾಡಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತ ಹುಡುಗರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಹೆಗಲಿಗೆ ಬಂದೂಕು ಬೇರೆ ಇರುತ್ತದೆ. ಆದ್ದರಿಂದ ಪ್ರತಿ ಸಿಪಾಯಿಗೆ ಒಬ್ಬ ಜೋಡಿ. ಪಕ್ಕಪಕ್ಕದ ಹಾಸಿಗೆ, ಒಟ್ಟಿಗೆ ಊಟ, ಒಟ್ಟಿಗೆ ಪಹರೆ. ಒಬ್ಬ ಎರಡು ಹೊತ್ತು ಉಣ್ಣದಿದ್ದರೆ, ಊರಿನ ಕಾಗದ ಓದಿ ಮಾತು ಬಿಟ್ಟರೆ, ತನ್ನ ಸಾಮಾನು ಅವರಿವರಿಗೆ ಹಂಚಲು ಶುರುಮಾಡಿದರೆ ಇನ್ನೊಬ್ಬ ಬಂದು ಹೇಳಬೇಕು. ಹೇಳದಿದ್ದರೆ ಹೇಳದವನಿಗೆ ಶಿಕ್ಷೆ.

‘ಚಾಡಿ ಹೇಳಿಸಿಧಂಗ ಆಗೂದಿಲ್ರೀ ಸಾಹೇಬರ?’ ಎಂದೆ.

‘ಆಗಲಿ ಬಾಯಿ. ಚಾಡಿ ಹೇಳಿಸಿಕೊಂಡವ ಸಿಟ್ಟ ಮಾಡತಾನ. ಸಿಟ್ಟ ಮಾಡಾಕರೆ ಜೀವಂತ ಇರತಾನಲ್ಲ.’

ಈ ಹುಕುಂ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡೆ. ದುಂಡಪ್ಪ ಎಂಬ ಸಿಪಾಯಿ, ನಮ್ಮ ಮುಂಡಗೋಡದ ಕಡೆಯವನೇ, ಒಂದು ದಿನ ತನ್ನ ಉಣ್ಣೆಯ ಸ್ವೆಟರನ್ನು ಜೋಡಿಯವನಾದ ಬಾಳುವಿಗೆ ಕೊಟ್ಟನಂತೆ. ಬಾಳು ಹಳಿಯಾಳದ ಮರಾಠಾ ಹುಡುಗ. ಅವನು ಸ್ವೆಟರು ತೊಟ್ಟುಕೊಂಡು, ಬೆಚ್ಚಗಾದ ಮೇಲೆ ಯೋಚಿಸಿ, ನೇರ ಮೇಜರರ ಬಳಿಗೆ ಬಂದ. ‘ಸಾಹೇಬರ, ಇವ ಎಂದೂ ಒಂದ್ ಬೀಡಿ ಸುದ್ದಾ ಕೊಟ್ಟಾವಲ್ಲ. ಇವತ್ತ ಸ್ವೆಟರ ಕೊಟ್ಟಾನ’ ಎಂದ. ಓಡಿಹೋಗಿ ನೋಡಿದರೆ ದುಂಡಪ್ಪ ನಿಜಕ್ಕೂ ಸಾಯುವ ತಯಾರಿಯಲ್ಲಿದ್ದ. ಕೈ ಹಿಡಿದು ಕರೆತಂದರು. ದವಾಖಾನೆಯಲ್ಲಿ ಅವನ ಪಕ್ಕಕ್ಕೇ ಬಾಳುವಿನ ಮಂಚವನ್ನೂ ಹಾಕಿದರು. ಹಗಲೆಲ್ಲ ಇಬ್ಬರೂ ಜಗಳವಾಡುತ್ತಿದ್ದರು. ಸ್ವೆಟರು ಯಾರದೆಂಬುದೇ ವಿಷಯ. ಆಮೇಲೆ ಇಬ್ಬರನ್ನೂ ಒಟ್ಟಿಗೆ ರಜೆಯ ಮೇಲೆ ಕಳಿಸಿದರು. ದುಂಡಪ್ಪ ತಾಯಿಯ ಕೈಯಡುಗೆ ಉಂಡು ಮೈ ತುಂಬಿಕೊಂಡು ಬಂದ, ಡ್ಯೂಟಿಗೆ ಹತ್ತಿದ. ಮೇಲಿನವರಿಗೆ ‘ಬಿಸಿಲು ಬಡಿದಿತ್ತು’ ಎಂದು ವರದಿ ಹೋಯಿತು. ಆ ಕಾಡಿನಲ್ಲಿ ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳುತ್ತಿರಲಿಲ್ಲ.

ಅಷ್ಟು ದಿನವೂ ದುಂಡಪ್ಪನನ್ನು ನೋಡಿಕೊಂಡವಳು ಲೆಫ್ಟಿನೆಂಟ್ ಎಸ್ತೇರ್. ಮಿಲಿಟರಿ ನರ್ಸ್, ಆಫೀಸರ್ ದರ್ಜೆ. ನಾನು ಬರುವವರೆಗೆ ಇಡೀ ಕ್ಯಾಂಪಿಗೆ ಅವಳೊಬ್ಬಳೇ ಹೆಂಗಸು. ಗದಗಿನ ಹತ್ತಿರ ಬೆಟಗೇರಿಯವಳು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಈಗ ‘ಅವಳು’ ಎಂದು ಬರೆಯುತ್ತಿದ್ದೇನೆ, ಆಗ ಹಾಗೆ ಅನ್ನುವ ಧೈರ್ಯ ಇರಲಿಲ್ಲ. ಭುಜದ ಮೇಲೆ ನಕ್ಷತ್ರ, ಇಸ್ತ್ರಿ ಮಾಡಿದ ಬಟ್ಟೆ, ಮಾತು ಬೇಕಾದಷ್ಟೇ. ಅವಳು ನಡೆದು ಬಂದರೆ ಜ್ವರದವರೂ ನೆಟ್ಟಗೆ ಮಲಗುತ್ತಿದ್ದರು.

ಕ್ಯಾಂಪು ಅವಳಿಗೆ ಕೊಟ್ಟ ಮರ್ಯಾದೆಯನ್ನು ಹೇಳಬೇಕು. ಅವಳ ತಂಬು ಎಲ್ಲರ ತಂಬುಗಳಿಂದ ದೂರ, ಹಳ್ಳದ ಆಚೆ ದಂಡೆಯಲ್ಲಿ. ಗಂಡಸರ ಕಣ್ಣು ಬೀಳಬಾರದೆಂದು ಸುತ್ತ ಬಿದಿರಿನ ತಟ್ಟಿ ಕಟ್ಟಿದ್ದರು. ಬಾಗಿಲಲ್ಲಿ ಹಗಲೂ ರಾತ್ರಿ ಒಬ್ಬ ಪಹರೆಯವನು, ತಂಬುವಿಗೆ ಬೆನ್ನು ಮಾಡಿ, ಕಾಡಿಗೆ ಮುಖ ಮಾಡಿ. ಮೊದಮೊದಲು ಅವಳು ಆಫೀಸರುಗಳ ಮೆಸ್ಸಿಗೆ ಊಟಕ್ಕೆ ಹೋಗುತ್ತಿದ್ದಳಂತೆ. ಅವಳು ಬಂದ ಕೂಡಲೇ ಎಲ್ಲರೂ ಎದ್ದು ನಿಂತು, ಕುಳಿತು, ಆಮೇಲೆ ಮಾತೇ ಆಡದೆ ಉಣ್ಣುತ್ತಿದ್ದರಂತೆ. ಅದನ್ನು ನೋಡಲಾರದೆ ಅವಳು ಊಟವನ್ನು ತಂಬುವಿಗೇ ತರಿಸಿಕೊಳ್ಳತೊಡಗಿದಳು. ಎಷ್ಟು ಸಂಸ್ಕಾರವಂತ ಹುಡುಗಿ ಎಂದು ಆಫೀಸರುಗಳು ಹೊಗಳಿದರು.

ನಾನು ಬಂದಾಗ, ಇಬ್ಬರು ಹೆಂಗಸರಾದೆವಲ್ಲ, ಒಂದೇ ತಂಬುವಿನಲ್ಲಿ ಇರುತ್ತೇವೆಂದುಕೊಂಡೆ. ಆಫೀಸರ ಜೊತೆ ಸಿವಿಲ್ ನರ್ಸ್ ಇರುವಂತಿಲ್ಲವೆಂದು ನನಗೆ ಬೇರೆ ತಂಬು ಹಾಕಿದರು. ಅದಕ್ಕೊಬ್ಬ ಬೇರೆ ಪಹರೆಯವನು. ಇಬ್ಬರು ಹೆಂಗಸರನ್ನು ಕಾಯಲು ಅಷ್ಟು ಜನ ನಿಂತಿದ್ದು ನೋಡಿದರೆ ಪೋರ್ತುಗೀಜರು ನಮ್ಮಿಬ್ಬರಿಗಾಗಿಯೇ ಬರುತ್ತಾರೆಂದು ಅನಿಸಬೇಕು.

ಮಳೆಗಾಲದ ಕೊನೆಗೆ ಒಬ್ಬ ಎಳೆಯ ಸಿಪಾಯಿ ಜ್ವರ ತಲೆಗೇರಿ ತೀರಿಕೊಂಡ. ಹಲವು ದಿನ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಎಸ್ತೇರ್. ಕೊನೆಗೆ ಅವಳ ಕೈ ಹಿಡಿದುಕೊಂಡೇ ಹೋದ. ಅವನ ಗೆಳೆಯರು ಬಯಲಲ್ಲಿ ಕುಳಿತು ಗೊಳೋ ಎಂದು ಅತ್ತರು. ಮೇಜರ್ ಅವರಿಗೆ ಒಂದು ದಿನ ಪರೇಡು ಬಿಟ್ಟರು, ಭಜನೆಗೆ ಎಣ್ಣೆ ದೀಪ ಕೊಟ್ಟರು, ಜೋಡಿ ಕಳೆದುಕೊಂಡವನಿಗೆ ಬೇರೆ ಜೋಡಿ ಕೊಟ್ಟರು. ಎಸ್ತೇರಳ ಹತ್ತಿರ ಬಂದು ‘ಸಿಸ್ಟರ್, ನೀವು ಗಟ್ಟಿ ಅದೀರಿ’ ಎಂದರು. ಅವಳು ‘ಯಸ್ ಸರ್’ ಎಂದು ಮುಂದಿನ ಮಂಚಕ್ಕೆ ಹೋದಳು. ನನಗೂ ಅವಳು ಗಟ್ಟಿ ಎಂದೇ ಅನಿಸಿತು. ಅವಳು ಕಾಲರಿನ ಗುಂಡಿಯನ್ನು ಕೂಡ ತಪ್ಪದೆ ಹಾಕುತ್ತಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಇಂಜೆಕ್ಷನ್ನಿನ ಹೊತ್ತು ಮೀರಿದರೂ ಎಸ್ತೇರ್ ವಾರ್ಡಿಗೆ ಬರಲಿಲ್ಲ. ಔಷಧದ ಕಪಾಟಿನ ಕೀಲಿ ಅವಳ ಬಳಿ ಇರುತ್ತಿತ್ತು. ಕೇಳಿ ತರೋಣವೆಂದು ಹಳ್ಳ ದಾಟಿ ಹೋದೆ. ಪಹರೆಯವನು ಅಡ್ಡ ನಿಂತ.

‘ಒಳಗ ಬಿಡೂದಿಲ್ರಿ ಬಾಯಿ. ಲೇಡಿ ಆಫೀಸರ ಮಲಗ್ಯಾರ.’

‘ನಾನೂ ಹೆಂಗಸs ಅಲ್ಲೇನಪಾ.’

‘ಖರೆ ಐತ್ರಿ. ಆದ್ರ ಯಾರನ್ನೂ ಬಿಡಬ್ಯಾಡ ಅಂತ ಹುಕುಂ ಐತಿ. ನೀವೂ ಯಾರೋ ಒಬ್ಬರs ಅಲ್ರಿ?’

‘ಎಷ್ಟೊತ್ತಾತು ಮಲಗಿ? ಒದರಿದ್ದು ಏನರೆ ಕೇಳಿಸಿತೇನು?’

‘ನಾ ಹೊರಗ ಮಾರಿ ಮಾಡಿ ನಿಂತೇನ್ರಿ. ಒಳಗಿಂದು ನನ್ನ ಡ್ಯೂಟಿ ಅಲ್ಲ.’

ನಾನು ಹೊರಗಿನಿಂದಲೇ ‘ಸಿಸ್ಟರ್’ ಎಂದು ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ನಿದ್ದೆಯವರು ಒಂದು ಸಲವಾದರೂ ಹೊರಳುತ್ತಾರೆ. ಹಿಂದಿನಿಂದ ಸುತ್ತಿ ಹೋಗಿ, ತಟ್ಟಿ ಕಿತ್ತು, ತಂಬುವಿನ ಬಟ್ಟೆ ಎತ್ತಿ, ಸೀರೆಯೆಲ್ಲ ಕೆಸರು ಮಾಡಿಕೊಂಡು ತೆವಳಿ ಒಳಗೆ ಹೋದೆ. ಪಹರೆಯವನು ಬಾಗಿಲಲ್ಲೇ ನಿಂತಿದ್ದ. ಹಿಂಬದಿ ಅವನ ಡ್ಯೂಟಿಯಾಗಿರಲಿಲ್ಲ.

ಅವಳು ಏನು ತೆಗೆದುಕೊಂಡಿದ್ದಳು, ಎಷ್ಟು ಎಂದು ನಾನು ಬರೆಯುವುದಿಲ್ಲ. ಓದುವವರಿಗೆ ಅದು ಬೇಕಾದ ಸಂಗತಿಯಲ್ಲ. ಉಸಿರಿತ್ತು, ಅಷ್ಟು ಸಾಕು. ನಾನು ಕಿರುಚಿದ ಸದ್ದಿಗೆ ಮೇಜರ್ ಸಾಹೇಬರು ಬರಿಗಾಲಲ್ಲಿ ಹಳ್ಳ ದಾಟಿ ಓಡಿ ಬಂದರು. ಮುಂದೆ ನಾವು ಮಾಡಿದ್ದನ್ನೆಲ್ಲ ನಿಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ನಾನು ಅವಳ ಕಾಲ ಬುಡದಲ್ಲಿ ಕುಳಿತು ಅತ್ತೆ. ನರ್ಸುಗಳು ರೋಗಿಯ ಮುಂದೆ ಅಳಬಾರದೆಂದು ನಮಗೆ ಕಲಿಸಿದ್ದರು. ಆ ಪಾಠ ಅಂದು ನೆನಪಾಗಲಿಲ್ಲ.

ಮರುದಿನ ಮೇಜರರು ಅಡುಗೆಯ ಯಲ್ಲಪ್ಪನನ್ನೂ ಪಾತ್ರೆ ತಿಕ್ಕುವವನನ್ನೂ ಪಹರೆಯವನನ್ನೂ ಸಾಲಾಗಿ ನಿಲ್ಲಿಸಿದರು.

‘ಸಿಸ್ಟರ್ ಊಟಾ ಮಾಡತಿದ್ರೇನು?’

‘ತಾಟ ಹೋಗತಿತ್ರಿ, ಬರತಿತ್ರಿ’ ಎಂದ ಯಲ್ಲಪ್ಪ. ‘ಬಾಯಿಯವರ ತಾಟ ಅಂತ ಮ್ಯಾಲೊಂದು ತಾಟ ಮುಚ್ಚಿ ಕಳಸತಿದ್ದೆ. ಬಾಳ ಶಿಸ್ತಿನವರ್ರಿ, ಮುಚ್ಚಿದ್ದು ಮುಚ್ಚಿಧಂಗs ವಾಪಸ್ ಬರತಿತ್ತು. ಹೆಣ್ಣಮಕ್ಕಳ ಎಂಜಲಾ ತಗದು ನೋಡೂದು ಸರಿ ಅಲ್ಲ ಅಂತ ನಾ ನೋಡಿಲ್ರಿ.’

ಮೇಜರರು ಪಾತ್ರೆ ತಿಕ್ಕುವವನ ಕಡೆಗೆ ತಿರುಗಿದರು.

‘ಅನ್ನ ಹಂಗs ಇರತಿತ್ರಿ ಸಾಹೇಬರ. ಬಾಯಿಯವರು ಉಪಾಸ ಅಂತ ತಿಳಕೊಂಡ್ವಿ.’

‘ಯಾವತ್ತ ಉಪಾಸ?’

‘ಸೋಮವಾರ ಈಶ್ವರಂದ್ರಿ’ ಎಂದ ಯಲ್ಲಪ್ಪ, ಮುಂಡಗೋಡದ ಲಿಂಗಾಯತ. ‘ಗುರುವಾರ ದತ್ತಂದು’ ಎಂದ ಪಾತ್ರೆ ತಿಕ್ಕುವವನು. ‘ಶುಕ್ರವಾರ ದೇವೀದು, ಶನಿವಾರ ಹನಮಪ್ಪಂದು’ ಎಂದ ಪಹರೆಯವನು. ಒಬ್ಬೊಬ್ಬರೂ ತಮ್ಮ ಮನೆಯ ಹೆಂಗಸರ ಉಪವಾಸವನ್ನು ಅವಳ ಮೇಲೆ ಹಾಕಿ, ಮೂವರೂ ಸೇರಿ ಹೆಚ್ಚುಕಡಿಮೆ ವಾರ ತುಂಬಿಸಿಬಿಟ್ಟಿದ್ದರು. ಅಷ್ಟೊಂದು ದೈವಭಕ್ತೆ ಕ್ಯಾಂಪಿನಲ್ಲಿದ್ದಾಳೆಂದು ಅವರಿಗೆ ಒಳಗೊಳಗೇ ಧೈರ್ಯವೂ ಇತ್ತಂತೆ.

‘ಸಿಸ್ಟರ್ ಕ್ರಿಶ್ಚನ್ ಅದಾರ’ ಎಂದರು ಮೇಜರ್.

ದುಂಡಪ್ಪ ಎರಡು ಹೊತ್ತು ಉಣ್ಣದಿದ್ದರೆ ಬಂದು ಹೇಳಬೇಕೆಂಬುದು ಈ ಮೂವರಿಗೂ ಬಾಯಿಪಾಠವಾಗಿತ್ತು. ಗಂಡಸು ಉಣ್ಣದಿದ್ದರೆ ರಿಪೋರ್ಟು, ಹೆಂಗಸು ಉಣ್ಣದಿದ್ದರೆ ವ್ರತ. ಅವರನ್ನು ಬೈಯಲು ಮೇಜರರಿಗೂ ಬಾಯಿ ಬರಲಿಲ್ಲ. ಹುಕುಂ ಬರೆದವರು ಅವರೇ. ಅದರಲ್ಲಿ ಪ್ರತಿ ಸಿಪಾಯಿಗೂ ಜೋಡಿ ಇತ್ತು, ಅಡುಗೆಯವನಿಗೂ ಇತ್ತು, ಹೇಸರಗತ್ತೆ ನೋಡಿಕೊಳ್ಳುವವನಿಗೂ ಇತ್ತು. ಎಸ್ತೇರ್ ಅವರ ನೆನಪಿಗೇ ಬಂದಿರಲಿಲ್ಲ.

ಅವಳು ಎದ್ದು ಕೂರುವಷ್ಟಾದಾಗ ಮೇಜರರು ಬಂದು ಮಂಚದ ಪಕ್ಕ ಸ್ಟೂಲು ಹಾಕಿಕೊಂಡರು. ನಾನು ಗಂಜಿ ಕುಡಿಸುತ್ತಿದ್ದೆ. ಹೊರಗೆ ಹೋಗಲು ಎದ್ದರೆ ಎಸ್ತೇರ್ ನನ್ನ ಸೆರಗು ಹಿಡಿದಳು.

‘ಸಿಸ್ಟರ್, ಕೇಸು ಗೀಸು ಏನೂ ಆಗದಂಗ ನೋಡಿಕೋತೇನಿ. ಜ್ವರಾ ಅಂತ ಬರೀತೇನಿ’ ಎಂದರು ಮೇಜರ್. ‘ನೀವು ನೌಕರಿ ಬಿಟ್ಟು ಊರಿಗೆ ಹೋಗ್ರಿ. ಮರ್ಯಾದಿಯಿಂದ ಕಳಸತೇವಿ. ಮನ್ಯಾಗ ತಾಯಿ ಅದಾರ, ಮದಿವಿ ಮಾಡತಾರ, ಎಲ್ಲಾ ಸರಿಯಾಕ್ಕತಿ. ಇದು ಹೆಣ್ಣಮಕ್ಕಳು ಇರೂ ಜಾಗಾ ಅಲ್ಲ.’

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೆ ಎಸ್ತೇರ್ ಆಡಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ.

‘ದುಂಡಪ್ಪನ್ನ ಯಾಕ ನೌಕರಿ ಬಿಡಿಸಿ ಊರಿಗೆ ಕಳಸಲಿಲ್ರಿ ಸರ್?’

‘ಅಂವ ಸಿಪಾಯಿ.’

‘ನಾನೂ ಸಿಪಾಯೀನs. ದುಂಡಪ್ಪಗ ಏನ ಮಾಡಿದ್ರಿ, ನನಗೂ ಅದನ್ನs ಮಾಡ್ರಿ.’

‘ಅಂವಗ ಜೋಡಿ ಇತ್ತಲ್ಲ ಸಿಸ್ಟರ್. ನಿಮಗ ಯಾರನ್ನ ಕೊಡ್ಲಿ?’

‘ಕೇಳಿದ್ದರ ನಾನs ಹೇಳತಿದ್ದೆ ಸರ್. ಯಾರೂ ಕೇಳಲಿಲ್ಲ. ಆ ಹುಡುಗ ಸತ್ತ ದಿನದಿಂದ ನನ್ನ ಕೂಡ ಯಾರೂ ಮಾತಾಡಿಲ್ಲ. ಸಲ್ಯೂಟ್ ಮಾಡ್ಯಾರ, ಮಾತಾಡಿಲ್ಲ. ನೌಕರಿ ಕಸಗೊಂಡು ಮನೀಗೆ ಕಳಸಿದ್ರ ಅಲ್ಲೂ ಒಂದ್ ಖೋಲ್ಯಾಗ ಇಟ್ಟು ಬಾಗಲಾ ಹಾಕತಾರ. ಅಲ್ಲಿ ನಾ ಉಳಿಯೂದಿಲ್ರಿ, ಖರೆ ಹೇಳತೇನಿ.’

ನಾನು ಗಂಜಿಯ ಬಟ್ಟಲು ಕೆಳಗಿಟ್ಟು, ‘ಸಾಹೇಬರ, ಜೋಡಿ ನಾ ಆಗತೇನ್ರಿ’ ಎಂದೆ.

‘ನೀವು ಸಿವಿಲ್. ಅವರು ಆಫೀಸರ್.’

‘ಗೊರಕಿ ಹೊಡ್ಯೂ ಮುಂದ ನಂದು ಯಾ ದರ್ಜೆ ಅಂತ ಯಾರೂ ಕೇಳೂದಿಲ್ರಿ.’

ಮೇಜರರು ಮೀಸೆ ತಿರುವಿದರು. ಅವರ ಮುಖದಲ್ಲಿ ಎರಡು ನಿಯಮಗಳು ಹೊಡೆದಾಡುವುದು ಕಾಣುತ್ತಿತ್ತು. ಕೊನೆಗೆ ಎದ್ದು ಹೊರಗೆ ಹೋಗಿ, ತಾವೇ ನಿಂತು ನನ್ನ ಟ್ರಂಕನ್ನು ಎಸ್ತೇರಳ ತಂಬುವಿಗೆ ಹೊರಿಸಿದರು. ತಂಬುವನ್ನು ಹಳ್ಳದ ಆಚೆಯಿಂದ ಕಿತ್ತು ವಾರ್ಡಿನ ಪಕ್ಕಕ್ಕೆ ತರಿಸಿದರು. ಕಪಾಟಿನ ಕೀಲಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ದುಂಡಪ್ಪನ ಬಂದೂಕನ್ನೂ ಹಾಗೆಯೇ ಇಟ್ಟುಕೊಂಡಿದ್ದರು.

ಕಥೆಗಳಲ್ಲಾದರೆ ಇಲ್ಲಿಗೆ ಅವಳು ನಗತೊಡಗುತ್ತಾಳೆ. ಹಾಗೇನೂ ಆಗಲಿಲ್ಲ. ಒಂದು ದಿನ ಎರಡು ತುತ್ತು, ಇನ್ನೊಂದು ದಿನ ಅದೂ ಇಲ್ಲ. ಕೆಲವು ಸಲ ತಂಬುವಿನ ಬಟ್ಟೆಯನ್ನೇ ನೋಡುತ್ತ ಕೂರುತ್ತಿದ್ದಳು. ನಾನು ಮಾತಾಡುತ್ತಲೇ ಇರುತ್ತಿದ್ದೆ. ಅತ್ತಿವೇರಿಯ ಸುದ್ದಿ, ನಮ್ಮಣ್ಣನ ಎಮ್ಮೆಯ ಸುದ್ದಿ, ನನ್ನ ಅತ್ತೆಯ ಸುದ್ದಿ. ಇಡೀ ಕ್ಯಾಂಪು ಮಾತ್ರ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡಲು ಶುರುಮಾಡಿತ್ತು. ಅವಳು ಹಾದುಹೋದರೆ ಕೆಮ್ಮುವವರೂ ಕೆಮ್ಮು ತಡೆಯುತ್ತಿದ್ದರು. ನಡೆದದ್ದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವಂತಿಲ್ಲ. ಹುಕುಂ ಇಲ್ಲದೆಯೇ ಎಲ್ಲರೂ ಪಾಲಿಸಿದ ಶಿಸ್ತು ಅದೊಂದೇ.

ಅದನ್ನು ಮುರಿದವನು ದುಂಡಪ್ಪ. ಒಂದು ಬೆಳಿಗ್ಗೆ ಬಾಳುವನ್ನು ಕರೆದುಕೊಂಡು ತಂಬುವಿನ ಮುಂದೆ ಬಂದು ನಿಂತ. ಸಲ್ಯೂಟ್ ಹೊಡೆದು, ಕೈ ಇಳಿಸಿ, ನೇರ ಕೇಳಿದ.

‘ಸಿಸ್ಟರ್, ಇನ್ನೂ ಸಾಯಬೇಕ ಅನಸತೈತೇನ್ರಿ?’

ನನಗೆ ಅವನ ಬಾಯಿ ಮುಚ್ಚಬೇಕೆನಿಸಿತು. ಎಸ್ತೇರ್ ತಲೆಯೆತ್ತಿ ಅವನನ್ನು ನೋಡಿದಳು.

‘ಒಮ್ಮೊಮ್ಮೆ ಅನಸತೈತಿ’ ಎಂದಳು.

‘ನನಗೂ ಅನಸತೈತ್ರಿ. ಅನಿಸಿದಾಗ ಈ ಮಗನ್ನ ಎಬ್ಬಸತೇನಿ. ಇಂವ ಬೈತಾನ. ಬೈಸಿಕೊಂತ ಕೂತರ ಹೊತ್ತ ಹೋಗಿಬಿಡತೈತಿ. ಯಾರೂ ಕೇಳದಾಗs ತ್ರಾಸ ಜಾಸ್ತಿ ರೀ. ಕೇಳಿದ್ರ ಅರ್ಧಾ ಹಗುರಾಕ್ಕತಿ.’ ಬಾಳುವೂ ಹೌದೆಂದು ತಲೆಯಾಡಿಸಿದ. ಇಬ್ಬರೂ ಹೊರಟುಹೋದರು.

ಹುಡುಗಿಯರೇ, ನನ್ನ ಸರ್ವಿಸಿನಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆಂದು ನಮಗೆಲ್ಲ ಭಯ. ಹಾಗಾಗುವುದನ್ನು ನಾನು ಎಂದೂ ಕಾಣಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಜ್ವರ ನೋಡಿದ ಹಾಗೆ ಎಸ್ತೇರಳನ್ನು ಕೇಳುತ್ತಿದ್ದೆ, ‘ಇವತ್ತ ಹೆಂಗೈತಿ?’ ಎಂದು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಕೆಟ್ಟದಾಗಿದೆ ಎಂದ ದಿನ ನಾನು ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡುತ್ತಿರಲಿಲ್ಲ, ಮೇಜರರಿಗೂ ಹೇಳುತ್ತಿದ್ದೆ. ಅವರು ಬಂದು ಕುಳಿತು ಬೆಳಗಾವಿಯ ಕುಂದಾ ಮಾಡುವ ವಿಧಾನವನ್ನು ತಪ್ಪುತಪ್ಪಾಗಿ ವಿವರಿಸಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಅವಳು ನನ್ನ ಮೇಲೆ ಸಿಡಿದೆದ್ದಳು. ನನ್ನ ಗೊರಕೆಯಿಂದ ನಿದ್ದೆಯಿಲ್ಲ, ನನ್ನ ಅತ್ತೆಯ ಸುದ್ದಿ ಕೇಳಿ ಕೇಳಿ ಕಿವಿ ತೂತಾಗಿದೆ, ನನ್ನ ಸೀರೆ ಒಣಹಾಕಲು ಅವಳ ಮಂಚವೇ ಬೇಕೇ ಎಂದು ಬಾಯಿಗೆ ಬಂದಂತೆ ಬೈದಳು. ನಾನು ಓಡುತ್ತ ಹೋಗಿ ಮೇಜರರಿಗೆ ರಿಪೋರ್ಟು ಕೊಟ್ಟೆ.

‘ಸಾಹೇಬರ, ಸಿಸ್ಟರ್ ಜಗಳಾ ತಗದಾರ್ರಿ.’

‘ಜೋರ ಐತೇನು?’

‘ಭಾಳ ಜೋರ ಐತ್ರಿ.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ದಿನವೇ ಕಪಾಟಿನ ಕೀಲಿ ಕೊಡಲಿಲ್ಲ. ಅವರು ಎಚ್ಚರದ ಮನುಷ್ಯ, ಇನ್ನೂ ಕೆಲವು ವಾರ ಕಾದರು.

ಚಳಿ ಶುರುವಾದಂತೆ ಜ್ವರದವರು ಕಡಿಮೆಯಾದರು, ದಂಡು ಮುಂದೆ ಹೋಗುವ ಸುದ್ದಿ ಹಬ್ಬಿತು. ನನ್ನನ್ನು ವಾಪಸ್ ಕರೆಸಿಕೊಂಡರು. ನನ್ನ ಜಾಗಕ್ಕೆ ಒಬ್ಬ ಹೊಸ ಮಿಲಿಟರಿ ನರ್ಸು ಬರುತ್ತಾಳೆಂದು ತಿಳಿದು ಸ್ವಲ್ಪ ನೆಮ್ಮದಿಯಾಯಿತು. ಆದರೂ ಹೊರಡುವ ಹಿಂದಿನ ದಿನವೆಲ್ಲ ನನಗೆ ಅನ್ನ ಇಳಿಯಲಿಲ್ಲ. ನಾನು ಹೋದ ಮೇಲೆ ಇವಳ ಗತಿ ಏನು, ಬರುವವಳು ಎಂಥವಳೋ, ಮತ್ತೆ ಎಲ್ಲವೂ ಮೊದಲಿನಂತಾದರೆ ಏನು ಮಾಡುವುದು ಎಂದು ಹೆದರಿದ್ದೆ.

ನನ್ನನ್ನು ಕರೆದೊಯ್ಯುವ ಜೀಪಿನಲ್ಲೇ ಆ ಹುಡುಗಿ ಬಂದಿಳಿದಳು. ಬೆಳಗಾವಿ ಸೀಮೆಯವಳು, ತೀರ ಎಳೆಯವಳು, ಭುಜದ ನಕ್ಷತ್ರ ಇನ್ನೂ ಹೊಳೆಯುತ್ತಿತ್ತು. ಅವಳಿಗಾಗಿ ಆಗಲೇ ಬೇರೆ ತಂಬು ಹಾಕಿ, ಪಹರೆಯವನನ್ನೂ ನಿಲ್ಲಿಸಿದ್ದರು. ಅವನು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಹುಡುಗಿ ಎಸ್ತೇರಳಿಗೆ ಸಲ್ಯೂಟ್ ಹೊಡೆದು ನೆಟ್ಟಗೆ ನಿಂತಳು.

ಎಸ್ತೇರ್ ಸಲ್ಯೂಟ್ ತೆಗೆದುಕೊಂಡಳು. ಮೊದಲು ಪಹರೆಯವನನ್ನು ಕರೆದು ಅವನನ್ನು ಅವನ ತಂಬುವಿಗೆ ಕಳಿಸಿದಳು. ‘ಇದು ಹುಕುಂ’ ಎಂದಳು. ಆಮೇಲೆ ಹುಡುಗಿಯ ಟ್ರಂಕನ್ನು ತಾನೇ ಎತ್ತಿಕೊಂಡು ತನ್ನ ತಂಬುವಿನೊಳಗೆ ಇಟ್ಟಳು. ನಾನು ಜೀಪು ಹತ್ತಿದ್ದೆ. ತಂಬುವಿನ ಬಾಗಿಲು ಎತ್ತಿ ಕಟ್ಟಿತ್ತು, ಒಳಗಿನದೆಲ್ಲ ಕಾಣುತ್ತಿತ್ತು.

‘ಮ್ಯಾಡಂ, ನನಗ ಬ್ಯಾರೆ ತಂಬು ಅಂದಿದ್ರು’ ಎಂದಳು ಹುಡುಗಿ.

‘ಇಲ್ಲೇ ಇರು. ಕೂಡು ಮೊದಲ. ನನ್ನ ಬಗ್ಗೆ ನಿನಗ ಬ್ಯಾರೆಯವರು ಹೇಳೂದಕ್ಕಿಂತ ನಾನs ಹೇಳತೇನಿ. ನಿನಗ ಗೊತ್ತಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೋಬೇಕು, ಅದಕ್ಕ.’

ಹುಡುಗಿ ಮಂಚದ ಅಂಚಿನಲ್ಲಿ ಕುಳಿತಳು. ಡ್ರೈವರ್ ಜೀಪು ಶುರುಮಾಡಿ ‘ಹೋಗೂಣೇನ್ರಿ ಬಾಯಿ?’ ಎಂದ. ತಡಿ ಎಂದು ಅವನ ತೋಳು ಹಿಡಿದೆ. ಒಳಗಿನಿಂದ ಎಸ್ತೇರಳ ದನಿ ಕೇಳಿಸಿತು. ದನಿ ತಗ್ಗಿಸಿರಲಿಲ್ಲ.

‘ಮಳಿಗಾಲ ಮುಗಿಯೂ ಮುಂದ ನಾ ಸಾಯಾಕ ಹೋಗಿದ್ದೆ.’

ಸುತ್ತಲಿದ್ದ ಸಿಪಾಯಿಗಳೆಲ್ಲ ಕೈಕೆಲಸ ನಿಲ್ಲಿಸಿ ನಿಂತರು. ಎಸ್ತೇರ್ ಅವರ ಕಡೆ ತಿರುಗಿಯೂ ನೋಡದೆ ಮಾತು ಮುಂದುವರಿಸಿದಳು. ನಾನು ಡ್ರೈವರಿಗೆ ‘ಹೋಗೂಣಪಾ’ ಎಂದೆ.